ಟರ್ಬೊ ಗಾಡಿ ಎಳೆಯುತ್ತಿಲ್ಲವಾ? ಮೊದಲು ಗಾಳಿ ಎಲ್ಲಿ ಸೋರುತ್ತಿದೆ ನೋಡಿ

ಗುಂಡ್ಯದಿಂದ ಸಕಲೇಶಪುರದ ಕಡೆಗೆ ಶಿರಾಡಿ ಘಾಟಿ ಹತ್ತುವಾಗ ಟರ್ಬೊ ಗಾಡಿಯ ನಿಜವಾದ ಆರೋಗ್ಯ ಗೊತ್ತಾಗುತ್ತದೆ. ಊರೊಳಗೆ ಚೆನ್ನಾಗಿಯೇ ಓಡುವ ಕಾರು ಅಲ್ಲಿ ಮೂರನೇ ಗೇರಿನಲ್ಲಿ ಏದುಸಿರು ಬಿಡುತ್ತದೆ. ಆಕ್ಸಲರೇಟರ್ ಪೂರ್ತಿ ಒತ್ತಿದರೂ ಮುಂದಿನ ಲಾರಿಯನ್ನು ದಾಟಲು ಆಗುವುದಿಲ್ಲ. ಬಾನೆಟ್ ಕಡೆಯಿಂದ 'ಸುಯ್' ಅನ್ನುವ ಸದ್ದು ಬರುತ್ತದೆ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಕಪ್ಪು ಹೊಗೆ.

ಹೋದ ಮಳೆಗಾಲ ಮುಗಿದ ಮೇಲೆ ಹಾಸನದ ನಮ್ಮ ಗ್ಯಾರೇಜಿಗೆ ಬಂದ ಕಾರಿನದೂ ಇದೇ ದೂರು. 1.3 ಲೀಟರ್ ಡೀಸೆಲ್, 1 ಲಕ್ಷದ 40 ಸಾವಿರ ಕಿಲೋಮೀಟರ್ ಓಡಿತ್ತು. ಮಾಲೀಕರು ಸಕಲೇಶಪುರದ ಹತ್ತಿರದ ಕಾಫಿ ಬೆಳೆಗಾರರು. ತಿಂಗಳಿಗೆ ಎರಡು ಸಲ ಮಂಗಳೂರಿಗೆ ಹೋಗಿ ಬರುವವರು. ಬೇರೊಂದು ಕಡೆ ತೋರಿಸಿದಾಗ 'ಟರ್ಬೊ ಹೋಗಿದೆ, ಹೊಸದು ಹಾಕಬೇಕು' ಅಂದಿದ್ದರಂತೆ. "ಏನಪ್ಪಾ, ನಿಜವಾಗಲೂ ಟರ್ಬೊನೇ ಹೋಗಿದೆಯಾ?" ಅಂತ ಕೇಳಿದರು. "ಸಾರ್, ಒಂದು ದಿನ ಗಾಡಿ ಬಿಟ್ಟು ಹೋಗಿ. ಗಾಳಿ ತುಂಬಿ ನೋಡಿ ಹೇಳ್ತೀನಿ" ಅಂದೆ.

ಈ ಬರಹ ಬರೆಯಲು ಕಾರಣವೇ ಅದು. ಪಿಕಪ್ ಇಲ್ಲ ಅಂದ ಕೂಡಲೇ ಟರ್ಬೊ ಮೇಲೆ ಗುಮಾನಿ ಬರುತ್ತದೆ. ಟರ್ಬೊ ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಪಂಪು, ದುಬಾರಿ ಸಾಮಾನು. ಅದನ್ನು ಬದಲಾಯಿಸುವಾಗ ಹಳೆಯ ಹೋಸು, ಕ್ಲಾಂಪುಗಳನ್ನೆಲ್ಲ ಬಿಚ್ಚಿ ಮತ್ತೆ ಬಿಗಿಯಾಗಿ ಹಾಕುತ್ತಾರೆ. ಸೋರಿಕೆ ಅಲ್ಲೇ ಇದ್ದರೆ ಆಗ ತಾನಾಗಿ ನಿಂತುಬಿಡುತ್ತದೆ. ಗಾಡಿ ಎಳೆಯುತ್ತದೆ, ಟರ್ಬೊನೇ ಹೋಗಿತ್ತು ಅಂತ ಎಲ್ಲರೂ ನಂಬುತ್ತಾರೆ. ಚೆನ್ನಾಗಿದ್ದ ಟರ್ಬೊ ಗುಜರಿಗೆ ಹೋಗುತ್ತದೆ. ಇದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಗಾಳಿಯ ದಾರಿ

ಗಾಳಿ ಮೊದಲು ಏರ್ ಫಿಲ್ಟರ್ ದಾಟುತ್ತದೆ. ಅಲ್ಲಿಂದ ಗಾಳಿಯ ಅಳತೆ ತೆಗೆಯುವ ಮಾಫ್ ಸೆನ್ಸರ್, ಆಮೇಲೆ ಟರ್ಬೊ. ಟರ್ಬೊ ಆ ಗಾಳಿಯನ್ನು ಒತ್ತಿ ಮುಂದಕ್ಕೆ ತಳ್ಳುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ, ಲೋಡಿನಲ್ಲಿ 100 ಡಿಗ್ರಿ ದಾಟುತ್ತದೆ. ಅದನ್ನು ತಣ್ಣಗೆ ಮಾಡಲು ಇಂಟರ್‌ಕೂಲರ್ ಇದೆ. ಅಲ್ಲಿಂದ ಇನ್ನೊಂದು ಹೋಸಿನ ಮೂಲಕ ಗಾಳಿಯನ್ನು ಹೆಚ್ಚುಕಮ್ಮಿ ಮಾಡುವ ಬಾಗಿಲಾದ ಥ್ರಾಟಲ್, ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಮ್ಯಾನಿಫೋಲ್ಡ್, ಕೊನೆಗೆ ಸಿಲಿಂಡರ್. ಟರ್ಬೊದಿಂದ ಮ್ಯಾನಿಫೋಲ್ಡ್‌ವರೆಗಿನ ದಾರಿಯಲ್ಲಿ ಹೊರಗಿನ ಗಾಳಿಗಿಂತ ಜಾಸ್ತಿ ಒತ್ತಡ ಇರುತ್ತದೆ. ಈ ಹೆಚ್ಚಿನ ಒತ್ತಡಕ್ಕೇ ಬೂಸ್ಟ್ ಅನ್ನುವುದು.

ಆ ಒತ್ತಡ ಎಷ್ಟು ಅಂತ ಕೈಗೆ ಸಿಗುವ ಹಾಗೆ ಹೇಳುತ್ತೇನೆ. 55 ಮಿಲಿಮೀಟರ್ ಅಗಲದ ಹೋಸಿನ ಬಾಯಿಗೆ ಒಂದು ಬಾರ್ ಬೂಸ್ಟ್ ಬಿದ್ದರೆ, ಅದನ್ನು ಕಿತ್ತು ಹೊರಗೆ ತಳ್ಳುವ ಬಲ ಸುಮಾರು 24 ಕಿಲೋ. ಒಂದು ಅಕ್ಕಿ ಚೀಲದ ತೂಕ. ಪ್ರತಿ ಸಲ ಆಕ್ಸಲರೇಟರ್ ಒತ್ತಿದಾಗಲೂ ಅಷ್ಟು ತೂಕ ಆ ಕ್ಲಾಂಪನ್ನು ಎಳೆಯುತ್ತದೆ. ಕೆಳಗಿನಿಂದ ಎಂಜಿನ್ ಬಿಸಿ, ಒಳಗೆ ಎಣ್ಣೆಯ ಪಸೆ, ಮೇಲೆ ಎಂಜಿನ್ ಅಲುಗಾಟ. ಹತ್ತು ವರ್ಷದ ರಬ್ಬರು ಬಿರುಕು ಬಿಡುವುದರಲ್ಲಿ ಆಶ್ಚರ್ಯ ಏನಿದೆ?

ಈಗ ಮುಖ್ಯವಾದ ಮಾತು. ಗಾಡಿ ನಿಂತು ಐಡಲ್‌ನಲ್ಲಿ ಓಡುವಾಗ ಈ ದಾರಿಯಲ್ಲಿ ಬೂಸ್ಟ್ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ನಿಂತಲ್ಲೇ ರೇಸ್ ಕೊಟ್ಟರೂ ಲೋಡ್ ಇಲ್ಲದ್ದರಿಂದ ಬೂಸ್ಟ್ ಪೂರ್ತಿ ಬರುವುದಿಲ್ಲ. ಹಾಗಾಗಿ ಬಾನೆಟ್ ಎತ್ತಿ, ಎಂಜಿನ್ ಓಡಿಸಿ, ಕಿವಿಗೊಟ್ಟು ಕೇಳಿದರೆ ಏನೂ ಸಿಗುವುದಿಲ್ಲ. ಸೋರುವ ಜಾಗ ಒತ್ತಡ ಬಿದ್ದಾಗ ಮಾತ್ರ ಬಾಯಿ ತೆರೆಯುತ್ತದೆ. ಸೈಕಲ್ ಟ್ಯೂಬಿನ ಪಂಕ್ಚರ್ ಗಾಳಿ ತುಂಬದೆ ಸಿಗುತ್ತದಾ? ತುಂಬಿ, ನೀರಿನ ಬಾಣಲೆಯಲ್ಲಿ ಅದ್ದಿದರೆ ಮಾತ್ರ ಗುಳ್ಳೆ ಬರುತ್ತದೆ. ಟರ್ಬೊ ಗಾಡಿಗೂ ಅದೇ ಕೆಲಸ ಮಾಡಬೇಕು.

ಸಣ್ಣ ಸೋರಿಕೆಯನ್ನು ಟರ್ಬೊ ಮುಚ್ಚಿಡುತ್ತದೆ ಅನ್ನುವುದೂ ನೆನಪಿರಲಿ. ನನ್ನ ಅಂದಾಜು ಲೆಕ್ಕದ ಪ್ರಕಾರ, ಒಂದು ಬಾರ್ ಬೂಸ್ಟ್‌ನಲ್ಲಿ 3 ಮಿಲಿಮೀಟರ್ ತೂತಿನಿಂದ ಸೆಕೆಂಡಿಗೆ ಎರಡೂವರೆ ಗ್ರಾಂನಷ್ಟು ಗಾಳಿ ಹೊರಗೆ ಹೋಗುತ್ತದೆ. 3000 ಆರ್‌ಪಿಎಂನಲ್ಲಿ ಇಷ್ಟು ದೊಡ್ಡ ಎಂಜಿನ್ ಸೆಕೆಂಡಿಗೆ 50 ಗ್ರಾಂಗಿಂತ ಜಾಸ್ತಿ ಗಾಳಿ ಕುಡಿಯುತ್ತದೆ. ಅಂದರೆ ಹೋಗುವುದು ನೂರಕ್ಕೆ ಐದು ಪಾಲಿಗೂ ಕಮ್ಮಿ. ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಟರ್ಬೊವನ್ನು ಇನ್ನಷ್ಟು ಜೋರಾಗಿ ತಿರುಗಿಸಿ ಅದನ್ನು ತುಂಬಿಕೊಡುತ್ತದೆ. ಡ್ರೈವರಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಸಣ್ಣ ಟರ್ಬೊಗಳು ನಿಮಿಷಕ್ಕೆ 2 ಲಕ್ಷ ಸುತ್ತು ದಾಟುವುದೂ ಉಂಟು. ಅದಕ್ಕಿಂತ ಜೋರಾಗಿ ತಿರುಗಿಸುತ್ತಾ ಹೋದರೆ ಅದರ ಆಯುಸ್ಸು ಕಮ್ಮಿಯಾಗುತ್ತದೆ. ಸೋರಿಕೆ ದೊಡ್ಡದಾಗಿ ಟರ್ಬೊ ಕೈಲೂ ಆಗದೆ ಹೋದಾಗಲೇ ಚೆಕ್ ಎಂಜಿನ್ ದೀಪ ಹೊತ್ತುವುದು. ಸ್ಕ್ಯಾನರ್ ಆಗ ಪಿ 0299 ಅನ್ನುವ ಕೋಡ್ ತೋರಿಸುತ್ತದೆ. ಅದರ ಅರ್ಥ 'ಕೇಳಿದಷ್ಟು ಬೂಸ್ಟ್ ಬರುತ್ತಿಲ್ಲ' ಅಂತ ಅಷ್ಟೇ. 'ಟರ್ಬೊ ಹಾಳಾಗಿದೆ' ಅಂತ ಅಲ್ಲ.

ಎತ್ತರದ ಊರಿನಲ್ಲಿ ಸೋರಿಕೆ ಬೇಗ ಕಾಣಿಸಿಕೊಳ್ಳುತ್ತದೆ. ಮಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪಾಸ್ಕಲ್. ಹಾಸನದಲ್ಲಿ, ಬೆಂಗಳೂರಿನಲ್ಲಿ 90ರ ಆಸುಪಾಸು. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ 80ರ ಹತ್ತಿರ. ಎತ್ತರ ಹೋದಷ್ಟೂ ಅದೇ ಒತ್ತಡ ಕೊಡಲು ಟರ್ಬೊ ಜಾಸ್ತಿ ದುಡಿಯಬೇಕು. ಕರಾವಳಿಯಲ್ಲಿ ಸುಮ್ಮನಿದ್ದ ಗಾಡಿ ಘಟ್ಟ ಹತ್ತಿದ ಮೇಲೆ ದೀಪ ಹೊತ್ತಿಸುವುದು ಇದಕ್ಕೇ.

ಲಕ್ಷಣಗಳು ಏನು ಹೇಳುತ್ತವೆ

ಡೀಸೆಲ್ ಗಾಡಿಯಲ್ಲಿ ಕಪ್ಪು ಹೊಗೆ ದೊಡ್ಡ ಸುಳಿವು. ಮಾಫ್ ಸೆನ್ಸರ್ ಇರುವ ಗಾಡಿಯಲ್ಲಿ ಗಾಳಿಯನ್ನು ಟರ್ಬೊಗಿಂತ ಮೊದಲೇ ಅಳೆದಿರುತ್ತದೆ. ದಾರಿಯಲ್ಲಿ ಸೋರಿ ಹೋದದ್ದು ಇಸಿಯುಗೆ ತಿಳಿಯುವುದಿಲ್ಲ. ಇರುವ ಗಾಳಿಗಿಂತ ಜಾಸ್ತಿ ಡೀಸೆಲ್ ಬಿಡುತ್ತದೆ, ಅದು ಪೂರ್ತಿ ಉರಿಯದೆ ಹೊಗೆಯಾಗುತ್ತದೆ. ಮಾಫ್ ಇಲ್ಲದೆ ಮ್ಯಾನಿಫೋಲ್ಡಿನ ಒತ್ತಡ ನೋಡಿಯೇ ಡೀಸೆಲ್ ಬಿಡುವ ಗಾಡಿಯಲ್ಲಿ ಹೊಗೆ ಅಷ್ಟು ಇರುವುದಿಲ್ಲ, ಬರೀ ಶಕ್ತಿ ಕುಂದುತ್ತದೆ. ಡಿಪಿಎಫ್ ಅನ್ನುವ ಮಸಿ ಹಿಡಿಯುವ ಫಿಲ್ಟರ್ ಇರುವ ಬಿಎಸ್6 ಗಾಡಿಯಲ್ಲಂತೂ ಹೊಗೆ ಹೊರಗೆ ಕಾಣುವುದೇ ಇಲ್ಲ. ಮಸಿಯೆಲ್ಲ ಆ ಫಿಲ್ಟರಿನೊಳಗೆ ಕೂರುತ್ತದೆ. ಅದನ್ನು ಸುಟ್ಟು ಚೊಕ್ಕ ಮಾಡುವ ಕೆಲಸ ಪದೇ ಪದೇ ನಡೆಯುತ್ತಿದ್ದರೆ ಸೋರಿಕೆಯ ಮೇಲೂ ಒಂದು ಕಣ್ಣಿಡಿ.

ಟರ್ಬೊ ಪೆಟ್ರೋಲ್ ಗಾಡಿಯಲ್ಲಿ ಸೋರುವ ಜಾಗ ಥ್ರಾಟಲ್‌ನ ಯಾವ ಕಡೆ ಇದೆ ಅನ್ನುವುದು ಮುಖ್ಯ. ಥ್ರಾಟಲ್‌ಗಿಂತ ಮುಂಚೆ ಸೋರಿದರೆ ಐಡಲ್ ಚೆನ್ನಾಗಿಯೇ ಇರುತ್ತದೆ, ಜೋರಾಗಿ ಓಡಿಸಿದಾಗ ಮಾತ್ರ ತೊಂದರೆ. ಥ್ರಾಟಲ್ ಆದ ಮೇಲೆ, ಅಂದರೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಅಥವಾ ಅಲ್ಲಿನ ಸಣ್ಣ ವ್ಯಾಕ್ಯೂಮ್ ಪೈಪಿನಲ್ಲಿ ಬಿರುಕಿದ್ದರೆ ಕಥೆ ತಿರುಗುಮುರುಗು. ಐಡಲ್‌ನಲ್ಲಿ ಅಲ್ಲಿ ಒತ್ತಡ ಹೊರಗಿಗಿಂತ ಕಮ್ಮಿ. ಅದೇ ಬಿರುಕಿನಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ. ಐಡಲ್ ಏರಿಳಿಯುತ್ತದೆ, 'ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಜಾಸ್ತಿ' ಅನ್ನುವ ಪಿ 0171 ಕೋಡ್ ಬರುತ್ತದೆ. ಬೂಸ್ಟ್ ಬಂದಾಗ ಅಲ್ಲಿಂದಲೇ ಗಾಳಿ ಹೊರಗೆ ಹೋಗುತ್ತದೆ.

ಮೊದಲು ಕಣ್ಣು, ಕೈ

ಎಂಜಿನ್ ಪೂರ್ತಿ ತಣ್ಣಗಾಗಲಿ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ, ರೇಡಿಯೇಟರ್ ಫ್ಯಾನ್ ಏಕಾಏಕಿ ತಿರುಗಬಾರದು. ಟಾರ್ಚು ಹಿಡಿದು ಟರ್ಬೊದಿಂದ ಶುರು ಮಾಡಿ ಮ್ಯಾನಿಫೋಲ್ಡ್‌ವರೆಗೆ ಹೋಸು ಹಿಡಿದುಕೊಂಡೇ ಹೋಗಿ.

ಹುಡುಕಬೇಕಾದದ್ದು ಎಣ್ಣೆಯ ಗುರುತು. ಎಂಜಿನ್ನಿನ ಬ್ರೀದರ್ ಪೈಪಿನಿಂದ ಸ್ವಲ್ಪ ಎಣ್ಣೆ ಆವಿ ಟರ್ಬೊಗೆ ಬರುತ್ತಲೇ ಇರುತ್ತದೆ. ಹೋಸಿನ ಒಳಗೆ ತೆಳುವಾಗಿ ಎಣ್ಣೆ ಪಸೆ ಇದ್ದರೆ ಗಾಬರಿ ಬೇಡ, ಅದು ಇರುವುದೇ ಹಾಗೆ. ಅದೇ ಎಣ್ಣೆ ಹೊರಗೆ ಬಂದಿದ್ದರೆ ಗಾಳಿಯೂ ಬಂದಿದೆ ಅಂತ ಅರ್ಥ. ಸೋರುವ ಜಾಗದ ಸುತ್ತ ಧೂಳು ಮೆತ್ತಿಕೊಂಡು ಕಪ್ಪಗೆ, ಒದ್ದೆಯಾಗಿ ಕಾಣುತ್ತದೆ. ಒರೆಸಿದರೆ ಬೆರಳಿಗೆ ಜಿಡ್ಡು ಹತ್ತುತ್ತದೆ.

ಹೋಸಿನ ಮೇಲ್ಭಾಗ ಮಾತ್ರ ನೋಡಿ ಬಿಟ್ಟುಬಿಡಬೇಡಿ. ಬಿರುಕು ಬರುವುದು ಸಾಮಾನ್ಯವಾಗಿ ಅಡಿಯಲ್ಲಿ, ಬಾಗಿದ ಕಡೆ ಮತ್ತು ಕ್ಲಾಂಪಿನ ಪಕ್ಕದಲ್ಲಿ. ಉದ್ದ ಹಿಡಿಯ ಸಣ್ಣ ಕನ್ನಡಿ ಇಟ್ಟುಕೊಳ್ಳಿ. ಅದೂ ಇಲ್ಲದಿದ್ದರೆ ಮೊಬೈಲನ್ನು ಅಡಿಗೆ ಇಳಿಸಿ ವಿಡಿಯೋ ತೆಗೆಯಿರಿ. ಕೈಯಿಂದ ಹೋಸನ್ನು ಬಾಗಿಸಿ, ಹಿಂಡಿ. ಮುಚ್ಚಿಕೊಂಡಿದ್ದ ಸೀಳು ಬಾಗಿಸಿದಾಗ ಬಾಯಿ ಬಿಡುತ್ತದೆ. ಹೋಸು ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಬೆಣ್ಣೆಯಂತೆ ಮೆತ್ತಗಿದ್ದರೆ ಎಣ್ಣೆ ಕುಡಿದು ರಬ್ಬರಿನ ಪದರ ಬಿಟ್ಟುಕೊಂಡಿದೆ ಅಂತ ತಿಳಿಯಿರಿ.

ತಂತಿ ಕ್ಲಿಪ್ಪಿನಿಂದ 'ಟಕ್' ಅಂತ ಕೂರುವ ಜೋಡಣೆಗಳಲ್ಲಿ ಒಳಗೊಂದು ಓರಿಂಗ್, ಅಂದರೆ ರಬ್ಬರಿನ ಉಂಗುರ ಇರುತ್ತದೆ. ಅದು ಚಪ್ಪಟೆಯಾಗಿದ್ದರೆ ಕ್ಲಿಪ್ಪು ಸರಿಯಾಗಿ ಕೂತಿದ್ದರೂ ಸೋರುತ್ತದೆ. ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಕೂರುವ ಜಾಗದಲ್ಲೂ ಒಂದು ಚಿಕ್ಕ ಓರಿಂಗ್ ಇದೆ, ಅದನ್ನು ಯಾರೂ ನೋಡುವುದಿಲ್ಲ. ಇಂಟರ್‌ಕೂಲರ್ ಬಂಪರಿನ ಹಿಂದೆ ಇದ್ದರೆ ಕಲ್ಲೇಟು ಬಿದ್ದಿದೆಯಾ ನೋಡಿ. ಅದರ ಎರಡೂ ತುದಿಗೆ ಪ್ಲಾಸ್ಟಿಕ್ ಟ್ಯಾಂಕ್ ಇರುತ್ತದೆ. ಅದನ್ನು ಅಲ್ಯೂಮಿನಿಯಂಗೆ ಮಡಚಿ ಕಚ್ಚಿಸಿರುವ ಅಂಚನ್ನು ಬೆರಳಿನಿಂದ ಸವರಿ. ಈ ಅಂಚಿನ ಬಗ್ಗೆ ಮುಂದೆ ಮತ್ತೆ ಹೇಳುತ್ತೇನೆ.

ಹಾಗೆಯೇ ಫಿಲ್ಟರಿಗೂ ಟರ್ಬೊಗೂ ನಡುವಿನ ಪೈಪನ್ನೂ ನೋಡಿ. ಅಲ್ಲಿ ಬಿರುಕಿದ್ದರೆ ಬೂಸ್ಟ್ ಸೋರುವುದಿಲ್ಲ, ಹೊರಗಿನ ಧೂಳು ಒಳಗೆ ಹೋಗುತ್ತದೆ. ಟರ್ಬೊದ ರೆಕ್ಕೆಗಳನ್ನು ನಿಜವಾಗಿ ಸವೆಸುವುದು ಆ ಧೂಳೇ.

ಬೆಳೆಗಾರರ ಗಾಡಿಯಲ್ಲಿ ಈ ಹಂತದಲ್ಲಿ ಕಂಡದ್ದು ಇಷ್ಟು: ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ಹೋಸಿನ ಅಡಿಯಲ್ಲಿ ಅಂಗೈ ಅಗಲದ ಎಣ್ಣೆ ಕಲೆ. ಸೀಳು ಮಾತ್ರ ಕಾಣಲಿಲ್ಲ. ಟರ್ಬೊದ ಬಾಯಿಗೆ ಬೆರಳು ಹಾಕಿ ಶಾಫ್ಟ್ ಅಲುಗಿಸಿ ನೋಡಿದೆ. ಪಕ್ಕಕ್ಕೆ ಕೂದಲೆಳೆಯಷ್ಟು ಆಟ ಇತ್ತು. ಎಣ್ಣೆಯ ಪದರದ ಮೇಲೆ ತೇಲುವ ಬೇರಿಂಗಿಗೆ ಅಷ್ಟು ಇರಬೇಕಾದದ್ದೇ. ಹಿಂದೆ ಮುಂದೆ ಎಳೆದರೆ ಆಟ ಇರಲಿಲ್ಲ. ರೆಕ್ಕೆಗಳ ಅಂಚು ಚೂಪಾಗಿ, ಗೋಡೆಗೆ ತಾಗದೆ ತಿರುಗುತ್ತಿದ್ದವು. ಆ ಟರ್ಬೊ ಚೆನ್ನಾಗಿಯೇ ಇತ್ತು.

ಮೊಬೈಲಿನಲ್ಲಿ ಅಂಕಿ ನೋಡುವುದು

ಗಾಡಿಯ ಸೆನ್ಸರುಗಳ ಅಂಕಿಯನ್ನು ಮೊಬೈಲಿಗೆ ಕಳಿಸುವ ಬ್ಲೂಟೂತ್ ಓಬಿಡಿ ಅಡಾಪ್ಟರ್ ಒಂದಿದ್ದರೆ ಸಾಕು. ಬ್ಯಾಟರಿ ಮತ್ತೆ ಜೋಡಿಸಿ, ಅದನ್ನು ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಚುಚ್ಚಿ, ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ, ಮ್ಯಾನಿಫೋಲ್ಡ್ ಒತ್ತಡ ನೋಡಿ. ಎಂಜಿನ್ ನಿಂತಿರುವಾಗ ಅದು ನಿಮ್ಮ ಊರಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಹಾಸನದಲ್ಲಿ 90, ಮಂಗಳೂರಿನಲ್ಲಿ 101 ಬಂದರೆ ಸೆನ್ಸರ್ ನಂಬಬಹುದು. ಹಾಸನದಲ್ಲಿ ನಿಂತ ಗಾಡಿ 110 ಅಂತ ತೋರಿಸಿದರೆ ಮೊದಲು ಸೆನ್ಸರ್ ಬಿಚ್ಚಿ ಮಸಿ ತೊಳೆಯಿರಿ, ಮಿಕ್ಕದ್ದು ಆಮೇಲೆ.

ಇದು ಒಟ್ಟು ಒತ್ತಡ, ಬರೀ ಬೂಸ್ಟ್ ಅಲ್ಲ ಅನ್ನುವುದನ್ನು ಮರೆಯಬೇಡಿ. 190 ಕಂಡರೆ ಅದರಲ್ಲಿ 90 ಹೊರಗಿನ ಗಾಳಿಯದು. ಬೂಸ್ಟ್ 100 ಕಿಲೋಪಾಸ್ಕಲ್, ಅಂದರೆ ಒಂದು ಬಾರ್, ಪಿಎಸ್‌ಐ ಲೆಕ್ಕದಲ್ಲಿ 14.5. ಇನ್ನೊಂದು ವಿಷಯ: ಓಬಿಡಿಯ ಸಾಮಾನ್ಯ ಮ್ಯಾಪ್ ಅಂಕಿ 255ಕ್ಕಿಂತ ಮೇಲೆ ಹೋಗುವುದಿಲ್ಲ. ಜಾಸ್ತಿ ಬೂಸ್ಟ್ ಇರುವ ಗಾಡಿಯಲ್ಲಿ ಅಂಕಿ 255ಕ್ಕೆ ಬಂದು ಅಲ್ಲೇ ನಿಂತರೆ ಅದು ದೋಷ ಅಲ್ಲ, ಅಳತೆಯ ಮಿತಿ.

ಇನ್ನು ರಸ್ತೆಗೆ ಹೋಗಿ. ಖಾಲಿ ರಸ್ತೆ, ಸ್ವಲ್ಪ ಏರು ಇದ್ದರೆ ಒಳ್ಳೆಯದು. ಮೊಬೈಲ್ ಪಕ್ಕದಲ್ಲಿ ಕೂತವರ ಕೈಯಲ್ಲಿರಲಿ. ಗಾಡಿ ಓಡಿಸುತ್ತಾ ಅಂಕಿ ನೋಡುವ ಸಾಹಸ ಖಂಡಿತ ಬೇಡ. ಮೂರನೇ ಗೇರು, 1500 ಆರ್‌ಪಿಎಂನಿಂದ ಆಕ್ಸಲರೇಟರ್ ಪೂರ್ತಿ ಒತ್ತಿ 3500ರವರೆಗೆ ಬಿಡಿ. ಒತ್ತಡ, ಆರ್‌ಪಿಎಂ ಎರಡೂ ದಾಖಲಾಗಲಿ. ಗ್ಯಾರೇಜಿನ ಸ್ಕ್ಯಾನರಿನಲ್ಲಿ ಇಸಿಯು ಕೇಳಿದ ಬೂಸ್ಟ್, ನಿಜಕ್ಕೂ ಬಂದ ಬೂಸ್ಟ್ ಎರಡನ್ನೂ ಅಕ್ಕಪಕ್ಕ ನೋಡಬಹುದು.

ಬೆಳೆಗಾರರ ಗಾಡಿಯಲ್ಲಿ ಇಸಿಯು ಕೇಳುತ್ತಿದ್ದದ್ದು 215 ಕಿಲೋಪಾಸ್ಕಲ್, ಬರುತ್ತಿದ್ದದ್ದು 158. ಆರ್‌ಪಿಎಂ ಏರಿದ ಹಾಗೆ 158ಕ್ಕೆ ಹೋಗಿ ಅಲ್ಲೇ ತಡಬಡಾಯಿಸುತ್ತಿತ್ತು. ಹೀಗೆ ಒಂದು ಮಟ್ಟಕ್ಕೆ ಬಂದು ನಿಂತರೆ ಸೋರಿಕೆಯ ಗುಮಾನಿ ಬಲವಾಗುತ್ತದೆ. ಕೇಳಿದಷ್ಟು ಬೂಸ್ಟ್ ಬಂದೂ ಗಾಡಿ ಎಳೆಯದಿದ್ದರೆ ಸೋರಿಕೆ ಹುಡುಕುತ್ತಾ ಕೂರಬೇಡಿ. ಡೀಸೆಲ್ ಫಿಲ್ಟರ್, ಇಂಜೆಕ್ಟರ್, ಕ್ಲಚ್ ಕಡೆಗೆ ತಿರುಗಿ.

ಗಾಳಿ ತುಂಬಿ ನೋಡುವುದು

ಇದೇ ಮುಖ್ಯ ಪರೀಕ್ಷೆ. ಬೇಕಾದ ಸಾಮಾನು ಹಾರ್ಡ್‌ವೇರ್ ಅಂಗಡಿಯಲ್ಲಿ ಮತ್ತು ಪಂಕ್ಚರ್ ಅಂಗಡಿಯಲ್ಲಿ ಸಿಗುತ್ತದೆ. ಹೋಸಿನೊಳಗೆ ಬಿಗಿಯಾಗಿ ಕೂರುವ ಪಿವಿಸಿ ಪೈಪಿನ ಒಂದು ತುಂಡು, ಅದಕ್ಕೊಂದು ಎಂಡ್ ಕ್ಯಾಪ್, ಒಂದು ಟ್ಯೂಬ್‌ಲೆಸ್ ಟಯರಿನ ವಾಲ್ವ್. ಕ್ಯಾಪಿನ ನಡುವೆ 11.5 ಮಿಲಿಮೀಟರ್ ತೂತು ಕೊರೆದು ವಾಲ್ವನ್ನು ಒಳಗಿನಿಂದ ಎಳೆದು ಕೂರಿಸಿ. ಕ್ಯಾಪನ್ನು ಪೈಪಿಗೆ ಸಾಲ್ವೆಂಟ್ ಸಿಮೆಂಟಿನಿಂದ ಅಂಟಿಸಿ ಒಂದು ದಿನ ಒಣಗಲು ಬಿಡಿ. ಕಂಪ್ರೆಸರಿಗೆ ರೆಗ್ಯುಲೇಟರ್, ಗೇಜು ಇರಲೇಬೇಕು. ಟಯರಿಗೆ ಹಿಡಿಯುವ ಹಾಗೆ ನೇರವಾಗಿ ಗಾಳಿ ಬಿಟ್ಟರೆ ಅನಾಹುತ. ಸ್ಪ್ರೇ ಬಾಟಲಿಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರು ತುಂಬಿಡಿ.

ಮಾಫ್ ಸೆನ್ಸರ್ ಆದ ಮೇಲಿನ ಪೈಪಿಗೆ ಈ ಪ್ಲಗ್ ಹಾಕಿ ಕ್ಲಾಂಪ್ ಬಿಗಿಯಿರಿ. ಬ್ರೀದರ್ ಪೈಪ್ ಟರ್ಬೊಗಿಂತ ಮೊದಲಿನ ಪೈಪಿಗೆ ಸೇರುವ ಜಾಗವನ್ನು ಬಿಚ್ಚಿ ಮುಚ್ಚುವುದನ್ನು ಮರೆಯಲೇಬೇಡಿ. ಮರೆತರೆ ಗಾಳಿ ನೇರವಾಗಿ ಎಂಜಿನ್ ಹೊಟ್ಟೆಗೆ ಹೋಗಿ ಆಯಿಲ್ ಸೀಲು ಕಿತ್ತು ಬರಬಹುದು. ಆಯಿಲ್ ಹಾಕುವ ಮುಚ್ಚಳವನ್ನೂ ತೆಗೆದಿಡಿ. ಬ್ಯಾಟರಿಯ ನೆಗೆಟಿವ್ ಮತ್ತೆ ತೆಗೆದು, ಹ್ಯಾಂಡ್‌ಬ್ರೇಕ್ ಹಾಕಿ. ಬೆಲ್ಟು, ಪುಲ್ಲಿಗಳ ಹತ್ತಿರ ಕೈ ಬೇಡ. ಪಿಸ್ಟನ್ ಮೇಲೆ ಗಾಳಿ ಬಿದ್ದು ಎಂಜಿನ್ ಸ್ವಲ್ಪ ತಿರುಗಿಬಿಡುವುದುಂಟು. ಕಣ್ಣಿಗೆ ಕನ್ನಡಕ ಹಾಕಿ, ಪ್ಲಗ್ಗಿನ ನೇರಕ್ಕೆ ನಿಲ್ಲಬೇಡಿ. ಮೊದಲೇ ಹೇಳಿದೆನಲ್ಲ, ಅಕ್ಕಿ ಚೀಲದ ಬಲ. ಅದು ಕಳಚಿಕೊಂಡರೆ ಗುಂಡಿನ ಹಾಗೆ ಹಾರುತ್ತದೆ.

ಮೊದಲು 5 ಪಿಎಸ್‌ಐ. ದೊಡ್ಡ ಸೋರಿಕೆ ಇದ್ದರೆ ಇಲ್ಲೇ ಕೇಳಿಸುತ್ತದೆ. ಆಮೇಲೆ 10, ಆಮೇಲೆ 15. ನಿಮ್ಮ ಗಾಡಿಯ ಮಾಮೂಲಿ ಬೂಸ್ಟ್ ಎಷ್ಟೋ ಅದನ್ನು ಯಾವ ಕಾರಣಕ್ಕೂ ದಾಟಬೇಡಿ. ಪ್ರತಿ ಹಂತದಲ್ಲೂ ಎಲ್ಲ ಜೋಡಣೆಗಳಿಗೂ, ಹೋಸಿನ ಅಡಿಗೂ, ಇಂಟರ್‌ಕೂಲರಿನ ಅಂಚಿಗೂ ಸೋಪು ನೀರು ಹೊಡೆಯಿರಿ. ಅಂಗಡಿಯ ರೇಡಿಯೋ, ಗ್ರೈಂಡರು ಎಲ್ಲ ಬಂದ್ ಮಾಡಿಸಿ. ಕಿವಿಯೂ ಇಲ್ಲಿ ಒಂದು ಉಪಕರಣ.

ಆಯಿಲ್ ಮುಚ್ಚಳದ ಬಾಯಲ್ಲಿ ಸಣ್ಣಗೆ ಗಾಳಿ ಬಂದರೆ ಚಿಂತೆ ಬೇಡ. ಯಾವುದೋ ಸಿಲಿಂಡರಿನ ಇನ್‌ಟೇಕ್ ವಾಲ್ವ್ ತೆರೆದಿರುತ್ತದೆ, ಪಿಸ್ಟನ್ ರಿಂಗಿನ ಸಂದಿಯಿಂದ ಸ್ವಲ್ಪ ಗಾಳಿ ಇಳಿಯುತ್ತದೆ. ಸೈಲೆನ್ಸರಿನಿಂದ ಜೋರಾಗಿ ಬಂದರೆ ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಜಾಗದಲ್ಲಿ ಎಂಜಿನ್ ನಿಂತಿರಬಹುದು. ಗಾಳಿ ಪೂರ್ತಿ ಬಿಟ್ಟು, ಟಾಪ್ ಗೇರಿಗೆ ಹಾಕಿ ಗಾಡಿಯನ್ನು ಸ್ವಲ್ಪ ಮುಂದಕ್ಕೆ ತಳ್ಳಿ ಮತ್ತೆ ನೋಡಿ. ಆಗಲೂ ಬಂದರೆ ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ವಾಪಸ್ ಬಿಡುವ ಇಜಿಆರ್ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲವೇನೋ ಪರೀಕ್ಷಿಸಿ.

ಬೆಳೆಗಾರರ ಗಾಡಿಗೆ 5 ಪಿಎಸ್‌ಐ ಬಿಟ್ಟಾಗ ಏನೂ ಇಲ್ಲ. 8 ಆಗುವ ಹೊತ್ತಿಗೆ ಕೆಳಗೆ ಮಲಗಿದ್ದ ನಮ್ಮ ಹುಡುಗ "ಅಣ್ಣಾ, ಇಲ್ಲಿ ನೋಡಿ" ಅಂತ ಕೂಗಿದ. ನಾನೂ ಕೆಳಗೆ ನುಸುಳಿದೆ. ಎಣ್ಣೆ ಕಲೆ ಇದ್ದ ಹೋಸಿನ ಅಡಿಯಲ್ಲಿ, ಕ್ಲಾಂಪಿನಿಂದ ಒಂದು ಬೆರಳಿನಷ್ಟು ಆಚೆಗೆ, ರಬ್ಬರು ನಿಧಾನವಾಗಿ ಉಬ್ಬುತ್ತಿತ್ತು. ಉಬ್ಬಿದ ಕಡೆ ಮೊದಲು ಒಂದು ಕಪ್ಪು ಗೆರೆ ಕಂಡಿತು. ಗೆರೆ ಮೀನಿನ ಬಾಯಿಯ ಹಾಗೆ ತೆರೆದುಕೊಂಡಿತು. ಸೋಪಿನ ನೊರೆ ಅದರ ಮೇಲೆ ನಿಲ್ಲಲೇ ಇಲ್ಲ, ನಮ್ಮ ಮುಖಕ್ಕೇ ಸಿಡಿಯಿತು. ಗಾಳಿ ಬಿಟ್ಟ ಕೂಡಲೇ ಸೀಳು ಮತ್ತೆ ಮುಚ್ಚಿಕೊಂಡಿತು. ಬೆರಳಲ್ಲಿ ಸವರಿದರೂ ತಿಳಿಯದಷ್ಟು ನುಣ್ಣಗೆ. ಆ ಹೋಸನ್ನು ಎಷ್ಟು ಜನ ನೋಡಿ 'ಚೆನ್ನಾಗಿದೆ' ಅಂದಿದ್ದರೋ, ಅವರ ತಪ್ಪಲ್ಲ ಅದು.

ಹೊಸ ಹೋಸು ಹಾಕಿ ರಸ್ತೆಗೆ ಹೋದೆವು. 158 ಇದ್ದದ್ದು 196ಕ್ಕೆ ಬಂತು. ಮಾಲೀಕರಿಗೆ ಖುಷಿಯೋ ಖುಷಿ. "ಸಾಕಪ್ಪಾ, ಚೆನ್ನಾಗೇ ಎಳೀತಿದೆ" ಅಂದರು. ಆದರೆ ಕೇಳಿದ್ದು 215. ಉಳಿದ 19 ಎಲ್ಲಿ ಹೋಯಿತು?

ಒಂದು ಸೋರಿಕೆ ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸುವುದು ಈ ಕೆಲಸದಲ್ಲಿ ಆಗುವ ದೊಡ್ಡ ತಪ್ಪು. ದೊಡ್ಡ ತೂತು ಇರುವಾಗ ದಾರಿಯಲ್ಲಿ ಒತ್ತಡವೇ ಏರುವುದಿಲ್ಲ, ಸಣ್ಣ ತೂತು ತೆರೆಯುವ ಮಟ್ಟವೇ ಬರುವುದಿಲ್ಲ. ಹಾಗಾಗಿ ಪ್ರತಿ ರಿಪೇರಿ ಆದ ಮೇಲೂ ಮತ್ತೆ ಗಾಳಿ ತುಂಬಿ ನೋಡಲೇಬೇಕು. ಈ ಸಲ ಎಂಜಿನ್ ಬಿಟ್ಟು ಬರೀ ಹೋಸು, ಇಂಟರ್‌ಕೂಲರ್ ಮಾತ್ರ ಪರೀಕ್ಷೆ ಮಾಡಿದೆವು. ಟರ್ಬೊದಿಂದ ಹೊರಡುವ ಹೋಸಿನ ಬಾಯಿಗೆ ವಾಲ್ವ್ ಇರುವ ಪ್ಲಗ್, ಥ್ರಾಟಲ್ ಕಡೆಯ ಬಾಯಿಗೆ ತೂತಿಲ್ಲದ ಪ್ಲಗ್. ಇಲ್ಲಿ ಎಂಜಿನ್ನಿನ ವಾಲ್ವ್, ರಿಂಗು ಯಾವ ತಕರಾರೂ ಇಲ್ಲ. ಒಳಗಿನ ಗಾಳಿ ಹಾಗೇ ನಿಲ್ಲಬೇಕು. 10 ಪಿಎಸ್‌ಐನಲ್ಲಿ ಗೇಜಿನ ಮುಳ್ಳು ಅಲುಗಲಿಲ್ಲ. 12 ದಾಟಿದ ಮೇಲೆ ಮುಳ್ಳು ನಿಧಾನವಾಗಿ ಇಳಿಯತೊಡಗಿತು. ಇಂಟರ್‌ಕೂಲರಿನ ಬಲಗಡೆ, ಪ್ಲಾಸ್ಟಿಕ್ ಟ್ಯಾಂಕ್ ಕಚ್ಚಿಸಿದ ಅಂಚಿನಲ್ಲಿ, ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ಅದನ್ನು ಬದಲಾಯಿಸಿದ ಮೇಲೆ 214 ಬಂತು.

ಪೈಪಿನೊಳಗೆ ಹೊಗೆ ತುಂಬಿ ಸೋರುವ ಜಾಗ ತೋರಿಸುವ ಹೊಗೆ ಮೆಷಿನ್ ಬಗ್ಗೆಯೂ ಕೇಳುತ್ತಾರೆ. ಒಳ್ಳೆಯ ಸಾಧನವೇ, ಅದರಲ್ಲೂ ಪೆಟ್ರೋಲ್ ಗಾಡಿಯ ವ್ಯಾಕ್ಯೂಮ್ ಸೋರಿಕೆಗೆ. ಆದರೆ ಮಾಮೂಲಿ ಹೊಗೆ ಮೆಷಿನ್ ಹೊಗೆ ಬಿಡುವುದು ತುಂಬಾ ಕಮ್ಮಿ ಒತ್ತಡದಲ್ಲಿ. ನಮ್ಮ ಹೋಸಿನ ಸೀಳು, ಇಂಟರ್‌ಕೂಲರಿನ ಅಂಚು ಎರಡೂ ಅದಕ್ಕೆ ಸಿಗುತ್ತಿರಲಿಲ್ಲ.

ಸೋರಿಕೆ ಇಲ್ಲ, ಆದರೂ ಬೂಸ್ಟ್ ಇಲ್ಲ

ಗಾಳಿ ನಿಂತಿತು, ಬೂಸ್ಟ್ ಮಾತ್ರ ಬರಲಿಲ್ಲ ಅಂದರೆ ಟರ್ಬೊವನ್ನು ನಿಯಂತ್ರಿಸುವ ಕಡೆ ನೋಡಿ. ವ್ಯಾಕ್ಯೂಮಿನಿಂದ ಕೆಲಸ ಮಾಡುವ ಡೀಸೆಲ್ ಟರ್ಬೊಗಳಲ್ಲಿ ಸ್ಟಾರ್ಟ್ ಮಾಡಿದ ಕೂಡಲೇ ಬೂಸ್ಟ್ ಹೆಚ್ಚುಕಮ್ಮಿ ಮಾಡುವ ಆಕ್ಚುಯೇಟರಿನ ಕಡ್ಡಿ ಎಳೆದುಕೊಳ್ಳಬೇಕು, ಆಫ್ ಮಾಡಿದಾಗ ಹಿಂದಕ್ಕೆ ಬರಬೇಕು. ಬರದಿದ್ದರೆ ಅಲ್ಲಿಗೆ ಹೋಗುವ ಪೆನ್ಸಿಲ್ ದಪ್ಪದ ರಬ್ಬರು ಪೈಪನ್ನು ಮೊದಲು ನೋಡಿ. ತುದಿಯಲ್ಲಿ ಒಡೆದಿರುತ್ತದೆ, ಕೆಲವೊಮ್ಮೆ ಇಲಿ ಕಡಿದಿರುತ್ತದೆ. ಮಲೆನಾಡಿನ ಮನೆಗಳಲ್ಲಿ ನಿಲ್ಲಿಸಿದ ಗಾಡಿಗಳಲ್ಲಿ ಇಲಿ ಕಡಿತ ನಾನು ಬೇಕಾದಷ್ಟು ನೋಡಿದ್ದೇನೆ. ಪೈಪ್ ಚೆನ್ನಾಗಿದ್ದು ಕಡ್ಡಿ ಬಿಗಿಯಾಗಿದ್ದರೆ ಒಳಗಿನ ರೆಕ್ಕೆಗಳು ಮಸಿಯಿಂದ ಹಿಡಿದುಕೊಂಡಿರಬಹುದು.

ಆಕ್ಸಲರೇಟರ್ ಬಿಟ್ಟಾಗ ಹೆಚ್ಚಾದ ಗಾಳಿಯನ್ನು ವಾಪಸ್ ತಿರುಗಿಸುವ, ಪೆಟ್ರೋಲ್ ಗಾಡಿಯ ಡೈವರ್ಟರ್ ವಾಲ್ವ್ ಇನ್ನೊಂದು ಮೋಸದ ಜಾಗ. ಅದರ ಪೊರೆ ಹರಿದರೆ ಗಾಳಿ ಹೊರಗೆ ಬರುವುದೇ ಇಲ್ಲ. ಟರ್ಬೊಗೆ ಗಾಳಿ ಒಳಗೆ ಬರುವ ಬಾಯಿಗೇ ವಾಪಸ್ ಹೋಗುತ್ತದೆ. ಸೋಪು ನೀರು ಎಷ್ಟು ಹೊಡೆದರೂ ಗುಳ್ಳೆ ಬರುವುದಿಲ್ಲ. ಬಿಚ್ಚಿಯೇ ನೋಡಬೇಕು. ಕಟ್ಟಿಕೊಂಡ ಏರ್ ಫಿಲ್ಟರ್, ಕಟ್ಟಿಕೊಂಡ ಕ್ಯಾಟಲಿಟಿಕ್ ಕನ್ವರ್ಟರ್ ಅಥವಾ ಡಿಪಿಎಫ್ ಕೂಡ ಇದೇ ಲಕ್ಷಣ ತೋರಿಸುತ್ತವೆ.

ಸರಿಮಾಡುವಾಗ

ಸೀಳಿದ ಹೋಸಿಗೆ ಟೇಪು ಸುತ್ತುವುದು, ಎಂಸೀಲ್ ಮೆತ್ತುವುದು ಮನೆ ಸೇರಲು ಮಾತ್ರ. ಬಿಸಿಗೂ ಎಣ್ಣೆಗೂ ಅದು ನಿಲ್ಲುವುದಿಲ್ಲ. ತುದಿ ಮಾತ್ರ ಸೀಳಿದ್ದು, ಹೋಸು ಉದ್ದವಾಗಿದ್ದರೆ ಕತ್ತರಿಸಿ ಮತ್ತೆ ಹಾಕಬಹುದು, ಆದರೆ ಎಂಜಿನ್ ಅಲುಗಲು ಸಡಿಲ ಉಳಿದಿರಬೇಕು. ಹೊಸ ಹೋಸು ಹಾಕುವ ಮುಂಚೆ ಪೈಪಿನ ಬಾಯಿಯನ್ನೂ ಹೋಸಿನ ಒಳಗನ್ನೂ ಎಣ್ಣೆ ಇಲ್ಲದ ಹಾಗೆ ಒರೆಸಿ. ಸುಲಭವಾಗಿ ಜಾರಲಿ ಅಂತ ಎಣ್ಣೆ, ಗ್ರೀಸ್ ಹಚ್ಚಬೇಡಿ. ಹತ್ತುವಾಗ ಜಾರಿದ್ದು ಬೂಸ್ಟ್ ಬಿದ್ದಾಗಲೂ ಜಾರುತ್ತದೆ. ಕ್ಲಾಂಪ್ ಪೈಪಿನ ಉಬ್ಬು ಗೆರೆಯ ಹಿಂದೆ ಕೂರಬೇಕು, ಗೆರೆಯ ಮೇಲೆ ಅಲ್ಲ. ತೆಳು ಪಟ್ಟಿಯ ಕ್ಲಾಂಪನ್ನು ಕಣ್ಣು ಮುಚ್ಚಿ ಬಿಗಿದರೆ ಅದೇ ಹೋಸನ್ನು ಕತ್ತರಿಸುತ್ತದೆ. ಅಗಲ ಪಟ್ಟಿಯ ಟಿ-ಬೋಲ್ಟ್ ಕ್ಲಾಂಪ್ ಅಥವಾ ಗಾಡಿಗೆ ಬಂದಿದ್ದ ಸ್ಪ್ರಿಂಗ್ ಕ್ಲಾಂಪ್ ವಾಸಿ.

ಬಿಚ್ಚಿದ ಬ್ರೀದರ್ ಪೈಪ್, ಆಯಿಲ್ ಮುಚ್ಚಳ, ಸೆನ್ಸರಿನ ವೈರುಗಳನ್ನು ಹಾಕಿ, ಬ್ಯಾಟರಿ ಜೋಡಿಸಿ, ಕೋಡ್ ಅಳಿಸಿ ಅದೇ ರಸ್ತೆಯಲ್ಲಿ ಅದೇ ಗೇರಿನಲ್ಲಿ ಮತ್ತೆ ಅಂಕಿ ತೆಗೆಯಿರಿ. ಹಳೆಯ ದಾಖಲೆಯನ್ನೂ ಹೊಸದನ್ನೂ ಒಟ್ಟಿಗೆ ಇಟ್ಟುಕೊಳ್ಳಿ. ಹೊಸ ರಬ್ಬರು ಬಿಸಿಗೆ ಕೂತ ಮೇಲೆ ಕ್ಲಾಂಪ್ ಸ್ವಲ್ಪ ಸಡಿಲವಾಗುವುದುಂಟು. ಬೆಳೆಗಾರರಿಗೆ 500 ಕಿಲೋಮೀಟರ್ ಆದ ಮೇಲೆ ಬನ್ನಿ ಅಂದಿದ್ದೆ. ಮಂಗಳೂರಿಗೆ ಒಂದು ಸಲ ಹೋಗಿ ಬಂದು ನಿಲ್ಲಿಸಿದರು. ಟರ್ಬೊ ಕಡೆಯ ಕ್ಲಾಂಪ್ ಕಾಲು ಸುತ್ತು ತಿರುಗಿತು.